ಹಿತ್ತಿಲ ಮೂಲೆಯ ಜಾವಾ

ಮೈಸೂರಿನ ಮೇಟಗಳ್ಳಿ, ಯಾದವಗಿರಿ ಕಡೆಯ ಹಳೆಯ ಮನೆಗಳಿಗೆ ಹೋದವರಿಗೆ ಈ ದೃಶ್ಯ ಹೊಸದಲ್ಲ. ಹಿತ್ತಿಲಲ್ಲೋ ಮೆಟ್ಟಿಲ ಕೆಳಗೋ ಗೋಣಿಚೀಲ ಹೊದ್ದುಕೊಂಡು ಒಂದು ಮೋಟಾರ್ ಸೈಕಲ್ ನಿಂತಿರುತ್ತದೆ. ಚಕ್ರದಲ್ಲಿ ಗಾಳಿ ಇರುವುದಿಲ್ಲ. ಸೀಟಿನ ಮೇಲೆ ಒಣಗಲು ಹಾಕಿದ ಚಾಪೆ ಇರುತ್ತದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದಿದ್ದು, ‘ಅಪ್ಪನ ಗಾಡಿ ಸರಿ ಮಾಡಿಸೋಣ’ ಎಂದು ಮಗ ಹಟ ಹಿಡಿದಿದ್ದರೆ ಈ ತಿಂಗಳ ಮಾತು ನಿಮಗಾಗಿ.

ಅದು ಜಾವಾ ಅಥವಾ ಯೆಜ್ಡಿ ಆಗಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಕಾರಣವೂ ಇದೆ. ಮೇಟಗಳ್ಳಿಯ ಪಕ್ಕದ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಇರಾನಿ ಎಂಬ ಪಾರ್ಸಿ ಕುಟುಂಬ ಜೆಕೊಸ್ಲೊವಾಕಿಯಾದ ಜಾವಾ ಕಂಪೆನಿಯಿಂದ ಪರವಾನಗಿ ಪಡೆದು 1961ರಿಂದ ಅಲ್ಲಿ ಬೈಕು ತಯಾರಿಸಿತು. 1970ರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ 100 ಸಿಸಿ ಬೈಕುಗಳ ಮುಂದೆ ನಿಲ್ಲಲಾಗದೆ 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಕೆಲಸ ಕಳಕೊಂಡ ಮನೆಗಳ ಕಥೆ ಆ ಭಾಗದ ಹಿರಿಯರಿಗೆ ಗೊತ್ತು. ಆದರೆ ಆ ಗಾಡಿಯ ನಟ್ಟು ಬೋಲ್ಟು ಬಲ್ಲ ಕೈಗಳು ಊರಲ್ಲೇ ಉಳಿದವು. ಇಂದಿಗೂ ಹಳೆಯ ಜಾವಾ ಸರಿಪಡಿಸಲು ಮೈಸೂರಿಗಿಂತ ಒಳ್ಳೆಯ ಊರು ಸಿಗಲಾರದು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಈ ಗಾಡಿಗಳ ಸಾಲು ರಸ್ತೆಗಿಳಿಯುವುದನ್ನು ನೀವೂ ನೋಡಿರಬಹುದು.

ಇನ್ನು ಗುಜರಿಯವನ ಮಾತಿಗೆ ಬರೋಣ. ಗಂಡಸರಿಲ್ಲದ ಹೊತ್ತು ನೋಡಿ ಬಾಗಿಲಿಗೆ ಬಂದು, ‘ಅಮ್ಮಾ, ತುಕ್ಕು ಹಿಡಿದಿದೆ, ಕೆ.ಜಿ. ಲೆಕ್ಕದಲ್ಲಿ ಕೊಟ್ಟುಬಿಡಿ’ ಎನ್ನುವವರಿದ್ದಾರೆ. ಒಪ್ಪಬೇಡಿ. ಹಳೆಯ ಜಾವಾವನ್ನು ಹುಡುಕಿಕೊಂಡು ಬರುವ ಆಸಕ್ತರಿದ್ದಾರೆ, ಅದರ ಬೆಲೆ ಕಬ್ಬಿಣದ ಬೆಲೆಯಲ್ಲ. ಮಾರಲೇಬೇಕಾದರೂ ಇಬ್ಬರು ಮೂವರಲ್ಲಿ ವಿಚಾರಿಸಿ. ಆರ್‌ಸಿ ವರ್ಗಾಯಿಸದೆ ಅಥವಾ ರದ್ದುಪಡಿಸದೆ ಗಾಡಿ ಕೊಟ್ಟರೆ ದಾಖಲೆಯಲ್ಲಿ ನಿಮ್ಮ ಮನೆಯ ಹೆಸರೇ ಉಳಿಯುತ್ತದೆ. ನಾಳೆ ಆ ಗಾಡಿ ಏನೇ ಅನಾಹುತ ಮಾಡಿದರೂ ಪೊಲೀಸರು ಹುಡುಕಿ ಬರುವುದು ನಿಮ್ಮ ಬಾಗಿಲಿಗೆ.

ಸರಿ ಮಾಡಿಸುವುದೆಂದು ನಿರ್ಧರಿಸಿದರೆ ಮೊದಲ ಪ್ರಶ್ನೆ, ಗಾಡಿ ಯಾರದ್ದು? ಯಜಮಾನರು ತೀರಿಹೋಗಿದ್ದರೆ ಅದು ಹಿರಿಯ ಮಗನದ್ದು ಎಂದು ಎಲ್ಲರೂ ಸುಮ್ಮನೆ ಒಪ್ಪಿಕೊಂಡುಬಿಡುತ್ತಾರೆ. ಅದು ಸರಿಯಲ್ಲ. ಅದು ಮೃತರು ಬಿಟ್ಟುಹೋದ ಸೊತ್ತು. ಮಕ್ಕಳಿರುವಾಗ ಪತ್ನಿಗೆ ಎಂಟನೇ ಒಂದು ಪಾಲಿದೆ, ಹೆಣ್ಣುಮಕ್ಕಳಿಗೂ ಪಾಲಿದೆ, ಮೃತರ ತಂದೆ ತಾಯಿ ಬದುಕಿದ್ದರೆ ಅವರಿಗೂ ಇದೆ. ಮನೆ, ಜಮೀನಿನ ವಿಷಯದಲ್ಲಿ ಮಾತನಾಡುವ ನಾವು ಹಳೆಯ ಗಾಡಿಯ ವಿಷಯದಲ್ಲಿ ಮರೆಯುತ್ತೇವೆ. ಮದುವೆಯಾಗಿ ಹೋದ ಮಗಳಿಗೆ ಒಂದು ಫೋನು ಮಾಡಿ ಕೇಳಿ. ಆಕೆ ಸಂತೋಷದಿಂದ ಬಿಟ್ಟುಕೊಡಬಹುದು, ಬಿಡದೆಯೂ ಇರಬಹುದು. ಗಾಡಿಗೆ ಹಣ ಸುರಿದು ಅದರ ಬೆಲೆ ಏರಿದ ಮೇಲೆ ಈ ಮಾತು ಎದ್ದರೆ ಅಣ್ಣ ತಂಗಿಯರ ನಡುವೆ ಅನಗತ್ಯ ಕಹಿ.

ಕಾನೂನಿನ ದಾರಿಯೂ ಹೀಗೆಯೇ. ಮಾಲಿಕರು ತೀರಿಹೋದ 30 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, 3 ತಿಂಗಳೊಳಗೆ ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಮೋಟಾರ್ ಸೈಕಲ್‌ನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕುಗಳಿಗೆ 2,000 ಆಯಿತು. ತಡವಾದುದಕ್ಕೆ ದಂಡ, ಹಸಿರು ತೆರಿಗೆ, ವಿಮೆ ಎಲ್ಲ ಬೇರೆ. ಎಷ್ಟೋ ವರ್ಷ ಬಿಟ್ಟ ಗಾಡಿಗೆ ಒಟ್ಟು ಎಷ್ಟಾಗುತ್ತದೆ ಎಂದು ಒಂದು ಸ್ಪ್ಯಾನರ್ ಕೂಡ ಹಿಡಿಯುವ ಮೊದಲೇ ಮಗನನ್ನು ಕಚೇರಿಗೆ ಕಳುಹಿಸಿ ಕೇಳಿಸಿ. 50 ವರ್ಷ ದಾಟಿದ್ದರೆ ‘ವಿಂಟೇಜ್’ ಮಾಡಿಸಿ ಎನ್ನುವವರೂ ಸಿಗುತ್ತಾರೆ. 2021ರ ನಿಯಮದಂತೆ ಅದರ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದೂ ಪ್ರದರ್ಶನ, ರ‍್ಯಾಲಿಗೆ ಮಾತ್ರ. ದಿನವೂ ಕೆಲಸಕ್ಕೆ ಹೋಗಲು ಆ ಗಾಡಿ ಬಳಸುವಂತಿಲ್ಲ.

ಈಗ ಕೈಕೆಲಸ. ಹುಡುಗರು ಮಾಡುವ ಮೊದಲ ಕೆಲಸವೆಂದರೆ ಜೋರಾಗಿ ಕಿಕ್ ಹೊಡೆಯುವುದು. ಅದನ್ನು ತಡೆಯಿರಿ. (ಜಾವಾದ ಗೇರ್ ಲಿವರೇ ಒಳಗೆ ಒತ್ತಿ ತಿರುಗಿಸಿದರೆ ಕಿಕ್ ಆಗುತ್ತದೆ. ಮಕ್ಕಳಿಗೆ ಇದೊಂದು ಆಟ.) ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿರುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿನಿಂದ ಎರಡು ಚಮಚ ಎಣ್ಣೆ ಬಿಟ್ಟು, ಒಂದೆರಡು ದಿನ ಕಾಯಬೇಕು. ಆಮೇಲೆ ಮೆಲ್ಲಗೆ ತಿರುಗಿಸಬೇಕು.

ಪೆಟ್ರೋಲ್ ಟ್ಯಾಂಕಿನ ತುಕ್ಕಿಗೆ ದುಬಾರಿ ದ್ರಾವಣವೇ ಬೇಕೆಂದಿಲ್ಲ. ಹುಣಸೆಹಣ್ಣಿನಿಂದ ಹಿತ್ತಾಳೆ ಪಾತ್ರೆ ಹೊಳೆಯಿಸಿದ ನಿಮಗೆ ಈ ಗುಟ್ಟು ಗೊತ್ತು, ಹುಳಿ ತುಕ್ಕನ್ನು ಬಿಡಿಸುತ್ತದೆ. ಹಳೆಯ ಪೆಟ್ರೋಲ್ ಪೂರ್ತಿ ತೆಗೆದು, ವಿನೆಗರ್ ತುಂಬಿಸಿ ಒಂದೆರಡು ದಿನ ಬಿಟ್ಟು, ಅಡುಗೆ ಸೋಡಾದ ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿದರಾಯಿತು. ಆದರೆ ಈ ಕೆಲಸ ಅಡುಗೆಮನೆಯ ಹತ್ತಿರ ಬೇಡವೇ ಬೇಡ. ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಇರುತ್ತದೆ. ಬ್ರೇಕಿನ ಡ್ರಮ್ಮಿನಲ್ಲಿರುವ ಧೂಳನ್ನು ಬಾಯಿಂದ ಊದಲು ಬಿಡಬೇಡಿ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಅಪಾಯ. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆಯಬೇಕು.

ಎಂಜಿನ್ ಶುರುವಾಯಿತೆಂದು ಕುಣಿಯುವ ಮೊದಲು ಒಂದು ಮಾತು. ಇದು ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಹಾಕಬೇಕು. ಒಳಗಿನ ರಬ್ಬರ್ ಸೀಲುಗಳು ಒಣಗಿ ಬಿರುಕು ಬಿಟ್ಟಿದ್ದರೆ ಎಂಜಿನ್ ಹೊರಗಿನ ಗಾಳಿಯನ್ನು ಎಳೆಯುತ್ತದೆ, ಕಾದು ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೀಲಿನ ಬೆಲೆ ಅಲ್ಪ, ಆದರೆ ಅದನ್ನು ಬದಲಾಯಿಸಲು ಎಂಜಿನ್ ಬಿಚ್ಚಬೇಕು. ಉಳಿತಾಯವೆಂದು ಅದನ್ನು ಬಿಟ್ಟರೆ ಮುಂದೆ ಬೋರ್, ಪಿಸ್ಟನ್ ಎಂದು ಹತ್ತು ಪಟ್ಟು ಖರ್ಚು.

ಹಣದ ಲೆಕ್ಕ ನಿಮ್ಮ ಕೈಯಲ್ಲಿರಲಿ. ಒಮ್ಮೆಗೇ ಸಾಲ ಮಾಡುವುದು ಬೇಡ, ಬಡ್ಡಿಯ ಸಾಲವಂತೂ ಬೇಡವೇ ಬೇಡ. ತಿಂಗಳಿಗೆ 2,000 ರೂಪಾಯಿ ತೆಗೆದಿಟ್ಟರೆ ಹತ್ತು ತಿಂಗಳಿಗೆ 20,000 ಆಗುತ್ತದೆ. ಕೆಲಸವೂ ಹಾಗೆಯೇ ಮೆಲ್ಲಗೆ ನಡೆಯಲಿ. ಕಾಗದಪತ್ರ, ಬ್ರೇಕು, ಟಯರು ಮೊದಲು, ಎಂಜಿನ್ ನಂತರ, ಬಣ್ಣ ಮತ್ತು ಕ್ರೋಮ್ ಕಟ್ಟಕಡೆಗೆ. ಹುಡುಗರ ಲೆಕ್ಕ ಯಾವಾಗಲೂ ತಿರುಗುಮುರುಗು, ಅವರಿಗೆ ಮೊದಲು ಬೇಕಾದದ್ದು ಫೋಟೋದಲ್ಲಿ ಕಾಣುವುದು. ಟಯರಿನ ಹಲ್ಲು ಸವೆದಿಲ್ಲ ಎಂದು ಹಳೆಯದನ್ನೇ ಉಳಿಸುವುದೂ ಬೇಡ. ರಬ್ಬರು ನಿಂತಲ್ಲೇ ಗಟ್ಟಿಯಾಗುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ಖರೀದಿಸುವಾಗ ನೀವೇ ಓದಿ ನೋಡಿ.

ಕೊನೆಯದಾಗಿ, ಹಿಂದೆ ಕೂರುವವರು ನೀವು. ಹಳೆಯ ಗಾಡಿಯನ್ನು ಹೊಸ ಶೈಲಿಗೆ ತರುತ್ತೇವೆಂದು ಸೀರೆ ಗಾರ್ಡನ್ನೂ ಚೈನಿನ ಕವಚವನ್ನೂ ಕಿತ್ತು ಬಿಸಾಡುವ ಗ್ಯಾರೇಜುಗಳಿವೆ. ಜಾವಾದ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಇರುವಂತೆಯೇ ಕಾರ್ಖಾನೆಯಿಂದ ಬರುತ್ತಿತ್ತು. ಬುರ್ಖಾ, ದುಪಟ್ಟಾ, ಸೀರೆಯ ಸೆರಗು ಚಕ್ರಕ್ಕೆ ಸಿಕ್ಕಿ ಹೆಣ್ಣುಮಕ್ಕಳು ರಸ್ತೆಗೆ ಬೀಳುವುದು ಕೇಳದ ಸುದ್ದಿಯೇನಲ್ಲ. ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿ 2016ರಿಂದ ಕರ್ನಾಟಕದಲ್ಲಿ ಜಾರಿಯಲ್ಲಿದೆ, ಅದರ ಹಣವನ್ನೂ ಲೆಕ್ಕದಲ್ಲಿ ಸೇರಿಸಿ. ಗಾರ್ಡ್ ಮುರಿದಿದ್ದರೆ ಹಳೆಯ ಬಿಡಿಭಾಗದ ಅಂಗಡಿಯಲ್ಲಿ ಹುಡುಕಿಸಿ. ಸಿಗದಿದ್ದರೆ ವೆಲ್ಡಿಂಗ್‌ನವರು ಅಳತೆ ನೋಡಿ ಮಾಡಿಕೊಡುತ್ತಾರೆ. ಅದು ಕೂರುವ ತನಕ ನೀವು ಹಿಂದೆ ಹತ್ತುವುದಿಲ್ಲವೆಂದು ಮಗನಿಗೆ ಈಗಲೇ ಹೇಳಿಬಿಡಿ.