ವ್ಯಾಯಾಮ ಶಿಕ್ಷಕರ ಋಣ

ಸಂಘದ ವಾರ್ಷಿಕೋತ್ಸವದಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಬಹುಮಾನ ನೀಡುವುದು ನಮ್ಮಲ್ಲಿ ರೂಢಿಯಾಗಿದೆ. ಇದು ಯುಕ್ತವಾದದ್ದೇ. ಆದರೆ ಆ ಮಕ್ಕಳಲ್ಲಿ ಎಷ್ಟು ಮಂದಿಗೆ ಏದುಸಿರು ಬಿಡದೆ ಒಂದು ಮೈಲಿ ಓಡುವ ಶಕ್ತಿಯಿದೆಯೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ? ಅವರ ಶಾಲೆಯ ವ್ಯಾಯಾಮ ಶಿಕ್ಷಕರ ಹೆಸರಾದರೂ ನಮಗೆ ಗೊತ್ತೇ? ಈ ಪ್ರಶ್ನೆಯನ್ನು ಹೈದರಾಬಾದಿನ ಕನ್ನಡಿಗರ ಮುಂದಿಡಲು ವಿಶೇಷ ಕಾರಣವೊಂದಿದೆ. ಭಾರತದ ಫುಟ್‌ಬಾಲಿಗೆ ಅತ್ಯುನ್ನತ ಕೀರ್ತಿಯನ್ನು ತಂದುಕೊಟ್ಟವರು ಇದೇ ನಗರದ ಒಬ್ಬ ಶಾಲಾ ಉಪಾಧ್ಯಾಯರು.

ಅವರೇ ಸೈಯದ್ ಅಬ್ದುಲ್ ರಹೀಂ. 1909ರಲ್ಲಿ ಜನಿಸಿದ ಅವರು ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪದವೀಧರರು. ಕಾಚಿಗೂಡದ ಮಿಡ್ಲ್ ಸ್ಕೂಲು, ದಾರುಲ್ ಉಲೂಮ್ ಹೈಸ್ಕೂಲು, ಚಾದರ್‌ಘಾಟ್ ಹೈಸ್ಕೂಲುಗಳಲ್ಲಿ ಪಾಠ ಹೇಳಿದವರು. ಶಾರೀರಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಯ ಆಟಪಾಟಗಳ ಹೊಣೆಯನ್ನು ಹೊತ್ತುಕೊಂಡರು. 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತಿಯನ್ನು ವಹಿಸಿಕೊಂಡರು. ಆ ವರ್ಷದಿಂದ 1954ರವರೆಗೆ, ಸತತವಾಗಿ ಐದು ಬಾರಿ, ಆ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1951ರಲ್ಲಿ ದಿಲ್ಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ತಯಾರು ಮಾಡಿದ ಭಾರತ ತಂಡವು ಇರಾನನ್ನು ಸೋಲಿಸಿ ಸ್ವರ್ಣಪದಕ ಪಡೆಯಿತು.

ಈ ಯಶಸ್ಸಿನ ಹಿಂದಿದ್ದುದು ಪಾಠಶಾಲೆಯ ಕ್ರಮವೇ ಎಂದು ನನ್ನ ಅಭಿಪ್ರಾಯ. ಬಲಗಾಲಿನ ಆಟಗಾರನು ಎಡಗಾಲಿನಿಂದಲೂ ಚೆಂಡನ್ನು ಒದೆಯಲು ಕಲಿಯಲೆಂದು, ದುರ್ಬಲವಾದ ಕಾಲನ್ನು ಮಾತ್ರ ಬಳಸಬಹುದಾದ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ಚೆಂಡನ್ನು ತಾನೊಬ್ಬನೇ ಇಟ್ಟುಕೊಂಡು ಓಡುವುದನ್ನು ಬಿಟ್ಟು ಸಂಗಡಿಗನಿಗೆ ಬೇಗ ದಾಟಿಸುವುದನ್ನು ಕಲಿಸಲೆಂದು ಬೇರೆ ಪಂದ್ಯಗಳನ್ನು ನಡೆಸುತ್ತಿದ್ದರು. ಕೊರತೆಯಿರುವ ಕಡೆಗೇ ಹೆಚ್ಚು ಗಮನ ಕೊಡುವುದು ಒಳ್ಳೆಯ ಉಪಾಧ್ಯಾಯನ ಲಕ್ಷಣವಲ್ಲವೇ?

ಸೋಲಿನಿಂದ ಕಲಿಯುವ ಗುಣವೂ ಅವರಲ್ಲಿದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದರು. ಯುಗೋಸ್ಲಾವಿಯವು 10–1ರಿಂದ ನಮ್ಮನ್ನು ಸೋಲಿಸಿತು. ಆ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅದೇ ರಹೀಂ ಸಾಹೇಬರ ತಂಡವು ನಾಲ್ಕು ವರ್ಷಗಳ ತರುವಾಯ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಒಲಿಂಪಿಕ್ ಫುಟ್‌ಬಾಲಿನ ಉಪಾಂತ್ಯವನ್ನು ಮುಟ್ಟಿದ ಮೊದಲ ಏಷ್ಯನ್ ತಂಡವೆಂಬ ಗೌರವ ಅದರದು. ಅದು 1956. ಆ ವರ್ಷದ ನವೆಂಬರ್ 1ರಂದೇ ಹೈದರಾಬಾದ್ ರಾಜ್ಯವು ವಿಭಜನೆಗೊಂಡು ಬೀದರ್, ಗುಲ್ಬರ್ಗ, ರಾಯಚೂರುಗಳು ಕನ್ನಡ ರಾಜ್ಯವನ್ನು ಸೇರಿದವು. ಆ ಜಿಲ್ಲೆಗಳಿಂದ ಬಂದ ನಮ್ಮಲ್ಲನೇಕರ ಹಿರಿಯರಿಗೆ ರಹೀಂ ಸಾಹೇಬರು ಪರಊರಿನವರಾಗಿರಲಿಲ್ಲ. ತಮ್ಮದೇ ರಾಜಧಾನಿಯ ಮಾಸ್ತರರು.

1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ಭಾರತವು ದಕ್ಷಿಣ ಕೊರಿಯವನ್ನು 2–1ರಿಂದ ಮಣಿಸಿ ಮತ್ತೊಮ್ಮೆ ಸ್ವರ್ಣಪದಕ ಪಡೆಯಿತು. ಪ್ರೇಕ್ಷಕರು ನಮ್ಮ ತಂಡಕ್ಕೆ ಪ್ರತಿಕೂಲರಾಗಿದ್ದರು. ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಹಾಕಿಸಿಕೊಂಡೇ ಆಡಿ ಗೋಲು ಹೊಡೆದರು. ಆ ವೇಳೆಗೆ ಗುರುವಿನ ದೇಹವನ್ನು ಕ್ಯಾನ್ಸರ್ ಆಕ್ರಮಿಸಿದ್ದಿತು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, 1963ರ ಜೂನ್ 11ರಂದು, ಅವರು ತೀರಿಕೊಂಡರು. ವಯಸ್ಸು ಐವತ್ತಮೂರು. ಅವರಿಗೆ ಧೂಮಪಾನದ ಅಭ್ಯಾಸವು ಬಲವಾಗಿದ್ದಿತು. ಸಿಗರೇಟು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಸಾರಿದ ಅಮೆರಿಕಾ ಸರ್ಕಾರದ ಪ್ರಸಿದ್ಧ ವರದಿ ಹೊರಬಂದದ್ದು 1964ರ ಜನವರಿಯಲ್ಲಿ. ಅವರ ಕಾಲದ ಜನರಿಗೆ ಇದು ಸ್ಪಷ್ಟವಾಗಿ ತಿಳಿದಿರಲಿಲ್ಲವೆನ್ನಬಹುದು. ತಿಳಿದೂ ಮಕ್ಕಳೆದುರಿಗೆ ಸಿಗರೇಟು ಹಚ್ಚುವ ನಮಗೆ ಆ ಸಮಾಧಾನವೂ ಇಲ್ಲ.

ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪಿತವಾದದ್ದು 1985ರಲ್ಲಿ, ರಹೀಂ ಸಾಹೇಬರು ಅಗಲಿ ಇಪ್ಪತ್ತೆರಡು ವರ್ಷಗಳಾದ ಮೇಲೆ. ಅವರ ಜೀವನವನ್ನು ಆಧರಿಸಿದ 'ಮೈದಾನ್' ಹಿಂದೀ ಚಿತ್ರವು ಬಂದದ್ದು 2024ರಲ್ಲಿ. ರೋಮ್ ಒಲಿಂಪಿಕ್ಸಿನ ತಂಡದಲ್ಲಿದ್ದ ಅವರ ಪುತ್ರ ಹಕೀಂ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಲಭಿಸಿದಾಗ 2017. ಅವರು 2021ರಲ್ಲಿ ನಮ್ಮ ಕಲಬುರಗಿಯಲ್ಲೇ ಕೊನೆಯುಸಿರೆಳೆದರು. ಆಟ ಕಲಿಸುವವರನ್ನು ನಾವು ಎಷ್ಟು ತಡವಾಗಿ ನೆನೆಯುತ್ತೇವೆಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಇಂದಿನ ಸ್ಥಿತಿಯನ್ನು ನೋಡೋಣ. ನನ್ನ ಮೊಮ್ಮಗನ ಶಾಲೆಯಲ್ಲಿ ಪರೀಕ್ಷೆ ಹತ್ತಿರವಾದೊಡನೆ ಆಟದ ಅವಧಿಯು ಗಣಿತಕ್ಕೆ ಸಂದುಹೋಗುತ್ತದೆ. ಯಾವ ಪೋಷಕರೂ ಆಕ್ಷೇಪಿಸುವುದಿಲ್ಲ. ನಾನೂ ಆಕ್ಷೇಪಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಐದರಿಂದ ಹದಿನೇಳು ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು, ಮೂಳೆ ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮವು ವಾರಕ್ಕೆ ಮೂರು ದಿನ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹೃದಯ, ಮೂಳೆ, ನಿದ್ರೆ, ಮನಸ್ಸಿನ ನೆಮ್ಮದಿ, ಎಲ್ಲಕ್ಕೂ ಇದು ಹಿತಕರ. ಫುಟ್‌ಬಾಲಿಗೆ ಬೇಕಾದದ್ದು ಒಂದು ಚೆಂಡು, ಒಂದು ಬಯಲು ಮಾತ್ರ. ನಾವು ವಾಸಿಸುವ ಬಹುಮಹಡಿ ಕಟ್ಟಡಗಳಲ್ಲಿ ಮೋಟಾರು ನಿಲ್ಲಿಸಲು ಸ್ಥಳವಿದೆ, ಚೆಂಡು ಒದೆಯಲು ಇಲ್ಲ.

ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ನನ್ನದು ಎರಡು ವಿನಂತಿ. ಮೊದಲನೆಯದು, ಪ್ರತಿಭಾ ಪುರಸ್ಕಾರದ ವೇದಿಕೆಯ ಮೇಲೆಯೇ ನಗರದ ಒಬ್ಬ ವ್ಯಾಯಾಮ ಶಿಕ್ಷಕರನ್ನು, ಅವರು ಯಾವ ಭಾಷೆಯವರೇ ಆಗಿರಲಿ, ಪ್ರತಿವರ್ಷವೂ ಸನ್ಮಾನಿಸಬೇಕು. ಅವರು ಇನ್ನೂ ಸೇವೆಯಲ್ಲಿರುವಾಗಲೇ ಇದು ನಡೆಯಬೇಕು. ಎರಡನೆಯದು, ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಕಾಲ ಒಂದು ಮೈದಾನವನ್ನು ಬಾಡಿಗೆಗೆ ಹಿಡಿದು ಕನ್ನಡ ಕುಟುಂಬಗಳ ಹುಡುಗ ಹುಡುಗಿಯರಿಬ್ಬರಿಗೂ ತೆರೆದಿಡಬೇಕು. ಊರು ಬಿಟ್ಟು ಬಂದ ಮನೆಗಳಲ್ಲಿ ಕನ್ನಡ ಮಾತು ಮಕ್ಕಳ ಬಾಯಲ್ಲಿ ಉಳಿಯುತ್ತಿಲ್ಲವೆಂದು ಕೊರಗುತ್ತೇವೆ. ಆಟದ ಬಯಲಿನಲ್ಲಿ ಒಬ್ಬರನ್ನೊಬ್ಬರು ಕೂಗಿ ಕರೆಯುವಾಗ ಅದೂ ತಾನಾಗಿ ಉಳಿದೀತು.

ಇದಕ್ಕೆ ತಗಲುವ ವೆಚ್ಚವು ಒಂದು ಸಂಗೀತ ಸಂಜೆಯ ವೆಚ್ಚಕ್ಕಿಂತ ಕಡಿಮೆಯೆಂದು ನನ್ನ ಅಂದಾಜು. ಮುಂದಿನ ಸಂಚಿಕೆಯಲ್ಲಿ ಅಂಕ ಗಳಿಸಿದವರ ಭಾವಚಿತ್ರಗಳ ಪಕ್ಕದಲ್ಲಿ ಒಬ್ಬ ವ್ಯಾಯಾಮ ಶಿಕ್ಷಕರ ಭಾವಚಿತ್ರವನ್ನೂ ಕಾಣುವ ಭಾಗ್ಯ ನಮ್ಮದಾಗಲಿ.