ತಂದೆಯ ಹೆಸರಿನಲ್ಲೇ ನಿಂತಿರುವ ಸಿಯೆರಾ

ಸೊಲ್ಲಾಪುರ ಜಿಲ್ಲೆಯ ಹಳೆಯ ವಾಡೆಗಳ ಹಿಂದೆ, ಕಣಕಿಯ ಬಣವಿಗೂ ತುಕ್ಕು ಹಿಡಿದ ಕುಂಟೆಗಳಿಗೂ ನಡುವೆ, ಒಮ್ಮೊಮ್ಮೆ ಒಂದು ಟಾಟಾ ಸಿಯೆರಾ ಕಾಣಸಿಗುವುದುಂಟು. ಟೈರುಗಳು ನೆಲಕ್ಕೆ ಕುಸಿದಿರುತ್ತವೆ. ಬಾನೆಟ್ಟಿನೊಳಗೆ ಇಲಿಗಳ ಸಂಸಾರ. ಭಂಗಾರದವನು ವರ್ಷಕ್ಕೊಮ್ಮೆ ಬಂದು ಬೆಲೆ ಕೇಳಿ ಹೋಗುತ್ತಾನೆ. ಮನೆಯವರು ಕೊಡುವುದಿಲ್ಲ, ಏಕೆಂದರೆ ಅದು ತೀರಿಹೋದ ಯಜಮಾನರ ಗಾಡಿ.

1991ರಲ್ಲಿ ಟೆಲ್ಕೋ ಕಂಪನಿ ಹೊರತಂದ ಈ ಮೂರು ಬಾಗಿಲಿನ ವಾಹನಕ್ಕೆ ಛಾವಣಿಯವರೆಗೆ ಬಾಗಿದ ಹಿಂಬದಿಯ ಗಾಜೇ ಗುರುತು. ಆ ಗಾಜು ತೆರೆಯುವುದಿಲ್ಲ. ಬೇಸಿಗೆಯಲ್ಲಿ ಹಿಂದೆ ಕುಳಿತವರಿಗಷ್ಟೇ ಅದರ ಸುಖ ಗೊತ್ತು. 1948 ಸಿ.ಸಿ.ಯ ಡೀಸೆಲ್ ಎಂಜಿನ್ನಿಗೆ ಆ ಭಾರವಾದ ಮೈಯನ್ನು ಎಳೆಯುವುದೇ ಸಾಹಸವಾಗಿತ್ತು. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಅದಕ್ಕೆ ಟರ್ಬೊ ಕೂಡಿಕೊಂಡಿತು. ಅದೇ ಹೆಸರಿನ ಹೊಸ ಗಾಡಿಯನ್ನು ಕಂಪನಿ 2025ರ ನವೆಂಬರಿನಲ್ಲಿ ಮಾರುಕಟ್ಟೆಗೆ ತಂದಮೇಲೆ ಹಳೆಯದರ ಮೇಲಿನ ಮೋಹ ಮತ್ತೆ ಚಿಗುರಿದರೆ ಆಶ್ಚರ್ಯವೇನಿಲ್ಲ.

ಟರ್ಬೊದ ಕಲ್ಪನೆ ಹಳೆಯದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ವ್ಯರ್ಥವಾಗಿ ಹೊರಹೋಗುವ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಒತ್ತಿ ಗಾಳಿ ತುಂಬುವುದೇ ಅದರ ತತ್ವ. ಆ ಶಾಫ್ಟು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಹಾಗೆ ತಿರುಗುವಾಗ ಅದಕ್ಕೆ ಆಧಾರವೆಂದರೆ ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪದರ ಮಾತ್ರ.

ಹತ್ತು ವರ್ಷ ನಿಂತ ಗಾಡಿಯಲ್ಲಿ ಆ ಪದರ ಎಂದೋ ಇಳಿದುಹೋಗಿರುತ್ತದೆ. ಹೊಸ ಬ್ಯಾಟರಿ ಕೂರಿಸಿ, ನಾಲ್ಕು ಹುಡುಗರಿಂದ ದೂಡಿಸಿ, ಗಾಡಿ ಚಾಲೂ ಆಯಿತೆಂದು ಪೇಢೆ ಹಂಚುವುದು ಟರ್ಬೊ ಎಂಜಿನ್ನಿನ ಮಟ್ಟಿಗೆ ದೊಡ್ಡ ಅವಿವೇಕ. ಬಲ್ಲ ಮಿಸ್ತ್ರಿ ಮೊದಲು ಗಾಳಿಯ ಕೊಳವೆಯನ್ನು ಬಿಚ್ಚಿ, ಟರ್ಬೊ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡುತ್ತಾನೆ. ಅದು ಸಲೀಸಾಗಿ ತಿರುಗಬೇಕು. ಅಲುಗಾಡಿಸಿದರೆ ಗೋಡೆಗೆ ತಾಗಬಾರದು. ಹಳೆಯ ಆಯಿಲನ್ನು ಇಳಿಸಿ ಹೊಸದನ್ನು ತುಂಬಿ, ಡೀಸೆಲ್ ಬರುವ ದಾರಿಯನ್ನು ತಡೆದು, ಎಂಜಿನ್ ಹೊತ್ತಿಕೊಳ್ಳದಂತೆ ಸ್ಟಾರ್ಟರಿನಿಂದ ಮಾತ್ರ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾನೆ. ಆಯಿಲ್ ಒತ್ತಡದ ಕೆಂಪು ದೀಪ ಆರಿದ ಮೇಲೆಯೇ ಡೀಸೆಲ್ಲಿನ ಮಾತು. ಅದೂ ಟ್ಯಾಂಕಿನ ತಳದ ಕೆಸರನ್ನು ತೊಳೆದ ಬಳಿಕ.

ಈ ಎಚ್ಚರ ವ್ಯರ್ಥವಲ್ಲ. ಟರ್ಬೊದ ಸೀಲು ಹರಿದಿದ್ದರೆ ಎಂಜಿನ್ ತನ್ನ ಆಯಿಲನ್ನೇ ಕುಡಿದು ಓಡತೊಡಗುತ್ತದೆ. ಕೀಲಿ ತೆಗೆದರೂ ನಿಲ್ಲುವುದಿಲ್ಲ. ಗಾಳಿಯ ದಾರಿಯನ್ನು ಮುಚ್ಚದಿದ್ದರೆ ಅದು ತಾನಾಗಿ ಒಡೆಯುವವರೆಗೂ ವೇಗ ಏರುತ್ತಲೇ ಹೋಗುತ್ತದೆ. ಪುಣೆ–ಹೈದರಾಬಾದ್ ಹೆದ್ದಾರಿಯ ಲಾರಿಗಳ ಟರ್ಬೊ ಬಿಚ್ಚಿ ಕೂಡಿಸುವ ಮಿಸ್ತ್ರಿಗಳಿಗೆ ಇದೆಲ್ಲ ನಿತ್ಯದ ಕೆಲಸ. ಚಂದದ ಶೋರೂಮಿಗಿಂತ ಇಂಥವರ ಕೈಗೆ ಗಾಡಿಯನ್ನು ಒಪ್ಪಿಸುವುದು ಲೇಸು.

ಟರ್ಬೊವನ್ನೇ ಕಿತ್ತುಹಾಕಿ ಸಾದಾ ಓಡಿಸಿರಿ ಎಂಬ ಸಲಹೆಯೂ ಬರುತ್ತದೆ. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮೊದಮೊದಲ ಟರ್ಬೊ ಕಾರುಗಳಲ್ಲಿ ಒಂದು. ಅದಕ್ಕೆ ಬೇಕಾದ ವಿಶೇಷ ದ್ರವವನ್ನು ಮಾಲೀಕರು ತುಂಬದೆ ಬಿಟ್ಟರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ತೆಗೆದುಹಾಕಲಾಯಿತು. ನಮ್ಮ ದೇಶದಲ್ಲಿ ಇಂಥ ಕೆಲಸ ಕೇವಲ ಮಿಸ್ತ್ರಿಯ ಇಚ್ಛೆಗೆ ಬಿಟ್ಟದ್ದಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ತಯಾರಕರ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ, ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು.

ಇಷ್ಟು ಹಣ ಸುರಿಯುವ ಮುನ್ನ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಗಾಡಿ ಯಾರದು? 1998ರಲ್ಲಿ ಕೊಂಡ ಸಿಯೆರಾ, 2016ರಲ್ಲಿ ಮೃತ್ಯುಪತ್ರವಿಲ್ಲದೆ ತೀರಿಹೋದ ತಂದೆ, ಹಿಂದೆ ಉಳಿದ ತಾಯಿ, ಒಬ್ಬ ಮಗ, ಮದುವೆಯಾಗಿ ಕಲಬುರಗಿಗೂ ವಿಜಯಪುರಕ್ಕೂ ಹೋದ ಇಬ್ಬರು ಹೆಣ್ಣುಮಕ್ಕಳು ಎಂದಿಟ್ಟುಕೊಂಡರೆ, ಮಗನ ಉತ್ತರ ಸಿದ್ಧವಾಗಿರುತ್ತದೆ: ‘ಅಪ್ಪನ ಗಾಡಿ, ನಮ್ಮನೆಯಲ್ಲೇ ಇದೆ, ನನ್ನದೇ.’ ಹಿಂದೂ ಉತ್ತರಾಧಿಕಾರ ಕಾಯ್ದೆ, 1956 ಹಾಗೆನ್ನುವುದಿಲ್ಲ. ಹೊಲದಲ್ಲಿ ಹೇಗೋ, ತಂದೆಯ ಸ್ವಂತ ಗಾಡಿಯಲ್ಲಿಯೂ ತಾಯಿಗೂ ಮೂವರು ಮಕ್ಕಳಿಗೂ ಸಮಪಾಲು. ಭಂಗಾರದ ಬೆಲೆಯ ಗಾಡಿಯಲ್ಲಿ ಪಾಲು ಕೇಳುವ ಅಕ್ಕತಂಗಿಯರು ಕಡಿಮೆ. ಆದರೆ ಅದೇ ಗಾಡಿ ಲಕ್ಷಗಟ್ಟಲೆ ಖರ್ಚಿನಲ್ಲಿ ಹೊಳೆಯತೊಡಗಿ, ಮುಂಬಯಿಯ ಹವ್ಯಾಸಿಯೊಬ್ಬ ಬೆಲೆ ಕಟ್ಟಿದ ದಿನ, ಖರ್ಚು ಯಾರದು, ಗಾಡಿ ಯಾರದು ಎಂಬ ಮಾತು ಏಳದೇ ಇರದು. ಮೊದಲೇ ಒಂದು ಕಾಗದದಲ್ಲಿ ಎಲ್ಲರ ಸಮ್ಮತಿಯ ಸಹಿ ಪಡೆಯುವುದಕ್ಕೆ ಸಂಕೋಚಪಡುವವರೇ ಹೆಚ್ಚು. ತಂಗಿಯ ಮುಂದೆ ಕಾಗದ ಚಾಚುವುದು ಅವಮಾನವೆಂಬ ಭಾವ. ನ್ಯಾಯಾಲಯದ ಸಮನ್ಸು ಚಾಚುವುದು ಅದಕ್ಕಿಂತ ಮರ್ಯಾದೆಯ ಸಂಗತಿಯೇನಲ್ಲ.

ಎರಡನೆಯದು ಆರ್.ಸಿ. ಪುಸ್ತಕ. ಮಾಲೀಕರು ತೀರಿಕೊಂಡ 30 ದಿನಗಳಲ್ಲಿ ಆರ್.ಟಿ.ಓ.ಗೆ ತಿಳಿಸಿದರೆ ವಾರಸುದಾರರು ಮೂರು ತಿಂಗಳು ಗಾಡಿಯನ್ನು ಬಳಸಬಹುದು. ಅಷ್ಟರೊಳಗೆ 31ನೆಯ ನಮೂನೆಯಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಆಯುಷ್ಯ. ಹಾಗಾಗಿ ಈ ಉದಾಹರಣೆಯ ಸಿಯೆರಾದ ನೋಂದಣಿ 2013ರಲ್ಲೇ ಮುಗಿದುಹೋಗಿದೆ. ಅದನ್ನು ಐದೈದು ವರ್ಷಕ್ಕೆ ನವೀಕರಿಸಲು ಗಾಡಿಯನ್ನು ಪರೀಕ್ಷೆಗೆ ಒಡ್ಡಬೇಕು. 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಶುಲ್ಕ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಮಹಾರಾಷ್ಟ್ರದ ಪರಿಸರ ತೆರಿಗೆ ಬೇರೆ. ‘ವಿಂಟೇಜ್’ ಎಂಬ ಮನ್ನಣೆ ಸಿಗಬೇಕಾದರೆ ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು. ಮನೆಯವರ ಕಣ್ಣಿಗೆ ಅಮೂಲ್ಯವಾದ ಸಿಯೆರಾ ಕಾನೂನಿನ ಕಣ್ಣಿಗೆ 2048ರವರೆಗೆ ಬರಿಯ ಹಳೆಯ ಕಾರು.

ಇವೆಲ್ಲ ಬೇಡವೆಂದು ಸಂಜೆ ಹೊತ್ತು ಒಂದು ಸುತ್ತು ಹೊಡೆದು ಬರುವವರಿದ್ದಾರೆ. ಆ ಒಂದು ಸುತ್ತಿನಲ್ಲಿ ಯಾರಿಗಾದರೂ ಗಾಡಿ ತಾಗಿದರೆ? ಪರಿಹಾರದ ದಾವೆಯಲ್ಲಿ ನೋಂದಣಿಯಲ್ಲಿರುವವನೇ ಮಾಲೀಕನೆಂದು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಮಾಲೀಕ ಬದುಕಿಲ್ಲದಿದ್ದರೆ ಚಾಲಕನ ಜೊತೆಗೆ ವಾರಸುದಾರರೂ ಕಟಕಟೆಗೆ ಬರಬೇಕಾದೀತು. ಗಾಡಿಯ ಮುಖವನ್ನೇ ನೋಡದ ಕಲಬುರಗಿಯ ಅಕ್ಕನೂ ಅವರಲ್ಲಿ ಒಬ್ಬಳು. ವಿಮೆ ಇಲ್ಲದಿದ್ದರೆ ಪರಿಹಾರದ ಹೊರೆ ತಂದೆ ಬಿಟ್ಟುಹೋದ ಹೊಲದ ಮೇಲೂ ಬಿದ್ದೀತು.

ಗ್ಯಾರೇಜಿಗೆ ಒಯ್ಯುವಾಗಲೂ ಗಾಡಿಯನ್ನು ಬೇರೊಂದು ವಾಹನದ ಮೇಲೇರಿಸಿಯೇ ಸಾಗಿಸಬೇಕು. ಅಲ್ಲಿ ತುಕ್ಕು ಉಜ್ಜುವವನಿಗೆ ಮೊದಲೇ ಹೇಳಿಡಬೇಕಾದ ಒಂದು ಮಾತಿದೆ. ಚಾಸಿಯ ಮೇಲೆ ಕೊರೆದ ಸಂಖ್ಯೆಯ ಜಾಗದಲ್ಲಿ ಗ್ರೈಂಡರ್ ಆಡಿಸಬಾರದು, ಮೇಲೆ ದಪ್ಪ ಬಣ್ಣವನ್ನೂ ಬಳಿಯಬಾರದು. ಪರೀಕ್ಷೆಯ ದಿನ ಆರ್.ಟಿ.ಓ. ಅಧಿಕಾರಿ ಆ ಸಂಖ್ಯೆಯನ್ನು ಪುಸ್ತಕದೊಡನೆ ಹೋಲಿಸಿ ನೋಡುತ್ತಾನೆ. ಅದು ಅಳಿಸಿದ್ದರೆ ಗಾಡಿ ಕದ್ದದ್ದಲ್ಲವೆಂದು ಸಾಧಿಸುವ ಹೊಸ ಓಡಾಟ ಶುರುವಾಗುತ್ತದೆ.