ಬೀಜದ ವ್ಯಾಜ್ಯಕ್ಕೆ ಹೊಲವೇ ಸಾಕ್ಷಿ



ಕಡೂರು, ಅಜ್ಜಂಪುರದ ಕಡೆ ಮುಂಗಾರಿನಲ್ಲಿ ಈರುಳ್ಳಿ ಹಾಕುವವರು ಬೀಜಕ್ಕೆ ಎಷ್ಟು ಹಣ ಸುರಿಯುತ್ತಾರೆಂಬುದು ನಿಮಗೇ ಗೊತ್ತು. ಗಡ್ಡೆ ಕಟ್ಟುವ ಹೊತ್ತಿಗೆ ಹೊಲದ ತುಂಬ ಹೂದಂಟು ಎದ್ದರೆ, ಇಲ್ಲವೆ ಜೋಡಿಗಡ್ಡೆಯೇ ಹೆಚ್ಚಾದರೆ, ಮೊದಲು ನೆನಪಾಗುವುದು ಬೀಜದ ಅಂಗಡಿ. ಅಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಅಷ್ಟರಲ್ಲಿ ಹೊಲವನ್ನು ಉತ್ತು ಹಿಂಗಾರಿಗೆ ಸಿದ್ಧಮಾಡಿಬಿಟ್ಟಿರುತ್ತೀರಿ. ದೂರು ಬರೆಯುವುದು ಆಮೇಲೆ. ನ್ಯಾಯ ಹೇಳುವವರಿಗೆ ಆಗ ತೋರಿಸುವುದೇನು?

ನ್ಯಾಯ ಹೇಳುವವರು ಯಾರೆಂಬ ವಿಷಯದಲ್ಲಿಯೂ ಗೊಂದಲವಿದೆ. ಬೀಜದ ವ್ಯಾಪಾರಿಗೆ ಪರವಾನಗಿ ಕೊಡುವ ಅಧಿಕಾರಿಗಳು 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಅವನ ಅಹವಾಲನ್ನು ಕೇಳಿ ಪರವಾನಗಿಯನ್ನು ರದ್ದುಪಡಿಸಬಹುದು. ಆ ಮಟ್ಟಿಗೆ ಅವರು ಕಚೇರಿಯಲ್ಲಿ ಕುಳಿತ ನ್ಯಾಯಾಧೀಶರೇ. ಆದರೆ ನಿಮ್ಮ ನಷ್ಟವನ್ನು ತುಂಬಿಸಿಕೊಡುವ ಅಧಿಕಾರ ಅವರಿಗಿಲ್ಲ. 1966ರ ಬೀಜ ಕಾಯ್ದೆ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ 500 ರೂಪಾಯಿವರೆಗೆ ಮಾತ್ರ. ಅದೂ ಸರ್ಕಾರದ ಖಜಾನೆಗೆ.

ಪರಿಹಾರ ಕೊಡಿಸಬಲ್ಲದ್ದು ಚಿಕ್ಕಮಗಳೂರಿನಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗ. ದೂರಿಗೆ ಕಾರಣ ಉಂಟಾದ ಎರಡು ವರ್ಷದೊಳಗೆ ಅಲ್ಲಿ ದೂರು ಕೊಡಬೇಕು. ಬೀಜಕ್ಕೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡದೆ ನೀವೇ ನಿಂತು ಹೇಳಿಕೊಳ್ಳಬಹುದು.

ಬೀಜ ಕೆಟ್ಟದ್ದೆಂದರೆ ಪ್ರಯೋಗಾಲಯದ ವರದಿ ತನ್ನಿ ಎಂಬುದು ಬೀಜ ಮಾರುವವರ ಹಳೆಯ ವಾದ. ಕೊಂಡ ಬೀಜವನ್ನೆಲ್ಲ ಬಿತ್ತಿದವನು ಮಾದರಿಯನ್ನು ಎಲ್ಲಿಂದ ತರಬೇಕು? ಆಂಧ್ರದ ರೈತರು ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ನಡೆಸಿದ ಮೊಕದ್ದಮೆಯಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿತು. ಬೀಜ ನಿಯಮಗಳ ಪ್ರಕಾರ ಪ್ರತಿ ಲಾಟಿನ ಮಾದರಿಯನ್ನು ಕಾದಿಡಬೇಕಾದವನು ಮಾರುವವನು. ಪರೀಕ್ಷೆ ಬೇಕಿದ್ದರೆ ಅವನೇ ಮಾದರಿಯನ್ನು ಒದಗಿಸಬಹುದಿತ್ತು ಎಂದಿತು. ರೈತನೂ ಗ್ರಾಹಕನೇ ಎಂದು ಎತ್ತಿಹಿಡಿಯಿತು.

ಹೀಗೆ ಪ್ರಯೋಗಾಲಯದ ತೊಡಕು ಸಡಿಲವಾದ ಮೇಲೆ ಹೊಲದ ತನಿಖಾ ವರದಿಯ ತೂಕ ಹೆಚ್ಚಿತು. ಇಲ್ಲಿ ನನ್ನ ಆಕ್ಷೇಪಣೆ ನಿಮ್ಮ ಮೇಲಲ್ಲ, ನಮ್ಮವರ ಮೇಲೆ, ನನ್ನನ್ನೂ ಸೇರಿಸಿ. ಹೊಲ ನೋಡಲು ಹೋದ ಅಧಿಕಾರಿಗಳು, ವಿಜ್ಞಾನಿಗಳು "ಬೆಳೆ ಸರಿಯಾಗಿ ಬಂದಿಲ್ಲ" ಎಂದು ಎರಡು ಸಾಲು ಬರೆದು ಸಹಿ ಹಾಕಿ ಬರುವುದುಂಟು. ಏಕೆ ಬಂದಿಲ್ಲ? ಮಳೆ, ರೋಗ, ಗೊಬ್ಬರ ಎಂದು ಎದುರಾಳಿ ಹತ್ತು ಕಾರಣ ಹೇಳುತ್ತಾನೆ. ಆಯೋಗದಲ್ಲಿ ಕುಳಿತವರು ಈರುಳ್ಳಿ ಬೆಳೆದವರಲ್ಲ. ನಾವು ಬರೆಯದೆ ಬಿಟ್ಟದ್ದನ್ನು ಅವರು ಊಹಿಸಲಾರರು.

ಬರೆಯಬಹುದಾದದ್ದು ಬೇಕಾದಷ್ಟಿದೆ. ತಪ್ಪು ಗಿಡಗಳು ಹೊಲದ ತುಂಬ ಒಂದೇ ಸಮನಾಗಿ ಹರಡಿದ್ದರೆ ಬೀಜದ ಕಡೆಗೆ ಬೆರಳು ಹೋಗುತ್ತದೆ. ನೀರು ನಿಂತ ತಗ್ಗಿನಲ್ಲಿ ಮಾತ್ರವಿದ್ದರೆ ನೆಲದ ಕಡೆಗೆ. ಎಲೆಯಲ್ಲಿ ನೇರಳೆ ಮಚ್ಚೆ ಇದ್ದರೆ ಅದು ರೋಗದ ಮಾತು. ಅದೇ ವಾರ, ಅಂಥದೇ ಮಣ್ಣಿನಲ್ಲಿ ಬೇರೆ ಲಾಟಿನ ಬೀಜ ಬಿತ್ತಿದ ಪಕ್ಕದವರ ಹೊಲ ಹೇಗಿದೆ? ಇದು ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಆದರೂ ಬದು ದಾಟಿ ನೋಡುವವರು ಕಡಮೆ. ಅರ್ಕಾ ನಿಕೇತನದಂತಹ ಹಿಂಗಾರಿಗೆ ಹೊಂದುವ ತಳಿಯನ್ನು ಮುಂಗಾರಿಗೆಂದು ಮಾರಿದ್ದರೆ ಚೀಟಿಯೇ ಅದನ್ನು ಹೇಳುತ್ತದೆ. ನಾಲ್ಕು ಕಡೆ ಒಂದೊಂದು ಚದರ ಮೀಟರು ಅಳೆದು ಗಿಡ ಎಣಿಸಲು ಅರ್ಧ ಗಂಟೆ ಸಾಕು.

ಎಲ್ಲ ಸೋಲಿಗೂ ಬೀಜವೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ನೆಲದ್ದೇ ದೋಷವೆಂದು ಕಂಡರೆ ಹಾಗೆಯೇ ಬರೆಯುತ್ತೇವೆ, ಬೇಸರಿಸಬೇಡಿ.

ನಿಮ್ಮಿಂದ ಆಗಬೇಕಾದದ್ದು ಇಷ್ಟು. ರಸೀತಿಯಲ್ಲಿ ತಳಿಯ ಹೆಸರು, ಲಾಟ್ ನಂಬರು ಬರೆಸಿಕೊಳ್ಳಿ. ಪೊಟ್ಟಣ, ಚೀಟಿ, ಒಂದು ಹಿಡಿ ಬೀಜವನ್ನು ತೆಗೆದಿಡಿ. ದೋಷ ಕಂಡ ವಾರದಲ್ಲೇ ಈರುಳ್ಳಿಯಾದರೆ ತೋಟಗಾರಿಕೆ ಇಲಾಖೆಗೆ, ರಾಗಿ ಜೋಳವಾದರೆ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಂಡ ಬರುವವರೆಗೆ, ಮನಸ್ಸಿಗೆ ಎಷ್ಟೇ ಸಂಕಟವಾದರೂ, ಹೊಲವನ್ನು ಉಳಬೇಡಿ. ಬಂದವರು ಮಹಜರಿಗೆ ಸಹಿ ಕೇಳಿದರೆ ಮೊದಲು ಓದಿಸಿ ಕೇಳಿ. ಪಕ್ಕದ ಹೊಲದ ಮಾತು ಅದರಲ್ಲಿ ಇಲ್ಲದಿದ್ದರೆ ಬರೆಯಿರೆಂದು ಹೇಳಿ, ಬಂದವನು ನಾನೇ ಆಗಿದ್ದರೂ.